ಮೊದಲು ಕೇಳಿದವರು ಸೋತಂತೆ

ನಂಬಬೇಡಿ. ಎಷ್ಟು ಹೊತ್ತು ನಂಬದೆ ಇರುತ್ತೀರೋ ನೋಡೇಬಿಡೋಣ. ನಾನು ಈಗ ಹೇಳಹೊರಟಿರುವುದರಲ್ಲಿ ಒಂದೇ ಒಂದು ಸುಳ್ಳಿದೆ. ಅದು ಯಾವುದು ಅಂತ ಕೊನೆಯಲ್ಲಿ ನಾನೇ ಒಪ್ಪಿಸುತ್ತೇನೆ. ನನ್ನನ್ನು ಬಲ್ಲವರು ಇದನ್ನು ಓದಿದರೆ ಲೆಕ್ಕ ತಿರುಗಿಸಿ ಹೇಳುತ್ತಾರೆ, ಇದರಲ್ಲಿ ನಿಜ ಒಂದೇ, ಉಳಿದದ್ದೆಲ್ಲ ಸುಳ್ಳು ಅಂತ. ಅವರ ಮಾತು ಕಟ್ಟಿಕೊಳ್ಳಬೇಡಿ. ಅವರೆಲ್ಲ ಒಂದಲ್ಲ ಒಂದು ಸಲ ನನ್ನ ಕೈಯಲ್ಲಿ ಏಮಾರಿದವರು.

ಮಂಡಿ ಮೊಹಲ್ಲಾದಲ್ಲಿ ನನ್ನದು ಅರಿಶಿನ ಕುಂಕುಮದ ಸಗಟು ಅಂಗಡಿ. ಈಗ ಅಲ್ಲಿ ಅಳಿಯ ಕೂರುತ್ತಾನೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂಬುದು ಆರತಿ ತಟ್ಟೆ ಹಿಡಿದ ಯಾರಿಗಾದರೂ ಗೊತ್ತು. ಆದರೆ ಎಷ್ಟು ಬೆರೆಸಿದರೆ ಇಟ್ಟಿಗೆಯ ಕೆಂಪು, ಎಷ್ಟು ಬೆರೆಸಿದರೆ ಆಗತಾನೆ ಕೊಯ್ದುಕೊಂಡ ಬೆರಳಿನ ಕೆಂಪು ಅಂತ ಗೊತ್ತಿದ್ದವನು ಆ ಬೀದಿಯಲ್ಲಿ ನಾನೊಬ್ಬನೇ. ಕೈಗೆ ಇಷ್ಟು ಮೆತ್ತಿಕೊಂಡು ಪಕ್ಕದ ಅಂಗಡಿಯವನ ಮುಂದೆ ಮೂರ್ಛೆ ಹೋದವನಂತೆ ಬಿದ್ದರೆ, ಅವನು ಗಲ್ಲಾಪೆಟ್ಟಿಗೆ ತೆರೆದೇ ಬಿಟ್ಟು ನೀರು ತರಲು ಓಡುತ್ತಿದ್ದ. ವರ್ಷಕ್ಕೊಮ್ಮೆ ಓಡುತ್ತಿದ್ದ. ಅಷ್ಟು ಒಳ್ಳೆಯ ಕೆಲಸ ನನ್ನದು.

ಮನೆ ವಿಜಯನಗರದಲ್ಲಿ. ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಮಗಳು, ಅಳಿಯ ಶ್ರೀರಾಂಪುರದಲ್ಲಿದ್ದಾರೆ, ಭಾನುವಾರ ತಪ್ಪದೆ ಬರುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಹೆಂಡತಿಯ ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿದ್ದೆ. ಅವಳು ಮುಖದ ಒಂದು ಗೆರೆಯೂ ಕದಲದಂತೆ ಅದನ್ನು ಕುಡಿದು, ಲೋಟ ತೊಳೆದು ಇಟ್ಟಳು. ಮಾರನೆಯ ದಿನ ನೋಡಿದರೆ ನನ್ನ ಅಂಗಿಗಳ ಕಾಜಾಗಳನ್ನೆಲ್ಲ ಹೊಲಿದು ಮುಚ್ಚಿದ್ದಾಳೆ. ನಾನೂ ಕೇಳಲಿಲ್ಲ. ಗುಂಡಿ ಹಾಕದೆ ಎದೆ ತೆರೆದುಕೊಂಡೇ ಅಂಗಡಿಗೆ ಹೋದೆ. ಅಲ್ಲಿಂದ ನಮ್ಮ ಮನೆಯಲ್ಲೊಂದು ಕಾನೂನು ನಿಂತಿತು: ಇದನ್ನು ಮಾಡಿದ್ದು ನೀನಾ ಅಂತ ಯಾರು ಮೊದಲು ಕೇಳುತ್ತಾರೋ ಅವರು ಸೋತಂತೆ. ಎಷ್ಟು ದಿನವಾದರೂ ಸರಿ, ಏನೂ ಆಗಿಲ್ಲವೆಂಬಂತೆ ಓಡಾಡಬೇಕು. ಈ ಆಟದಲ್ಲಿ ನಾನೇ ಮುಂದಿದ್ದೇನೆ. ಅವಳ ಲೆಕ್ಕ ಬೇರೆ ಇರಬಹುದು.

ಹಾಗಾಗಿ ಒಂದು ಬೇಸಿಗೆಯಲ್ಲಿ ಪೇಪರಿನ ಅಕ್ಷರ ಮಸುಕಾಗತೊಡಗಿದಾಗ ನನಗೆ ಯಾವ ಅನುಮಾನವೂ ಬರಲಿಲ್ಲ. ಇದು ಅವಳದೇ ಕೆಲಸ, ಕನ್ನಡಕದ ಗಾಜು ಬದಲಿಸಿಬಿಟ್ಟಿದ್ದಾಳೆ ಅಂದುಕೊಂಡೆ. ಕೇಳುತ್ತೇನೆಯೇ? ಮಸುಕು ಪೇಪರನ್ನೇ ಓದಿದೆ. ಓದಲಾಗದ ಕಡೆ ಸುದ್ದಿಯನ್ನು ನಾನೇ ಕಟ್ಟಿ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಗೆ ಒಂದು ಭಾನುವಾರ ಮಗಳು ನನ್ನನ್ನೇ ನೋಡುತ್ತ ಕೂತಿದ್ದವಳು, "ಅಪ್ಪ, ನಾನು ಬಂದಾಗಿಂದ ನೀನು ಚೊಂಬುಗಟ್ಲೆ ನೀರು ಕುಡೀತಿದೀಯ. ನಾಳೆ ರಕ್ತ ಪರೀಕ್ಷೆ ಮಾಡ್ಸು" ಅಂದಳು. ಕನ್ನಡಕಕ್ಕೆ ಏನೂ ಆಗಿರಲಿಲ್ಲ.

ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವಳು. ಕಾಗದ ನೋಡಿ, "ಎಷ್ಟು ವರ್ಷದಿಂದ ಇದೆಯೋ ಹೇಳೋಕಾಗಲ್ಲ ಸಾರ್" ಅಂದಳು. ಸಿಹಿ ಮಾತಾಡಿ ಮಾತಾಡಿ ಹೀಗಾಗಿದೆ ಅಂತ ನಾನಂದೆ. ಅವಳು ನಗಲಿಲ್ಲ. ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೀನಿನ ಗಾಳದ ದಾರದಂಥ ಒಂದು ಎಳೆಯನ್ನು ಪಾದದ ಅಡಿಗೆ ಮುಟ್ಟಿಸತೊಡಗಿದಳು. ಮುಟ್ಟಿದಾಗೆಲ್ಲ ಹೇಳಬೇಕು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಹಾಗಂತ ಒಪ್ಪಿಕೊಳ್ಳುವ ಜಾತಿಯೇ ನಾನು? ಅವಳ ಬಳೆಯ ಸಪ್ಪಳ ಕೇಳಿಸಿಕೊಂಡು, "ಮುಟ್ಟಿದ್ರಿ. ಹಾಂ, ಈಗ ಮುಟ್ಟಿದ್ರಿ" ಅಂತ ಹೇಳುತ್ತ ಹೋದೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಮಾತು ಕೋಣೆಯ ಆ ಕಡೆಯಿಂದ, ಕೈತೊಳೆಯುವ ನಲ್ಲಿಯ ಹತ್ತಿರದಿಂದ ಬಂತು.

"ನಾನು ನಿಮ್ಮನ್ನ ಮುಟ್ಟೇ ಇಲ್ಲ ಸಾರ್."

ಬರುವಾಗ ಕಟ್ಟುನಿಟ್ಟಾಗಿ ಹೇಳಿ ಕಳಿಸಿದಳು. ಬರಿಗಾಲಲ್ಲಿ ನಡೆಯಬಾರದು, ಮನೆಯ ಒಳಗೂ. ದಿನಾ ಪಾದದ ಅಡಿಯನ್ನು ನೋಡಿಕೊಳ್ಳಬೇಕು, ಯಾಕೆಂದರೆ ಗಾಯವಾದರೆ ಕಾಲು ನನಗೆ ಹೇಳುವುದಿಲ್ಲ. ಹೇಳದೆ ಇದ್ದ ಗಾಯ ಕಾಲನ್ನೇ ತೆಗೆದುಕೊಂಡು ಹೋಗುತ್ತದೆ.

ನಾನು ಹೆದರಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಕಾಯಿಲೆಯಿಂದ ಏನೇನು ಕಿತ್ತುಕೊಳ್ಳಬಹುದು ಅಂತ ಹುಡುಕುವುದರಲ್ಲಿ ನಾನು ಬಿದ್ದೆ. ಸಿಕ್ಕಿದವು ಚಿಕ್ಕಚಿಕ್ಕವೇ. ಸಕ್ಕರೆ ಬಿಟ್ಟ ಮೊದಲ ದಿನಗಳಲ್ಲಿ ಕಾಫಿ ಕಷಾಯದಂತಿತ್ತು. ಆಮೇಲೆ ಒಂದು ಗುಟುಕಿಗೇ ಇದರಲ್ಲಿ ಚಿಕೋರಿ ಹೆಚ್ಚಾಗಿದೆ ಅಂತ ಹೇಳುವ ನಾಲಿಗೆ ಬಂತು. ಹುಳಿಯಲ್ಲಿ ಬೆಂದ ಈರುಳ್ಳಿ ಇಷ್ಟು ಸಿಹಿ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ಇಷ್ಟವಿಲ್ಲದ ನೆಂಟರ ಗೃಹಪ್ರವೇಶಕ್ಕೆ, "ಶುಗರ್ ನೋಡಿ" ಎಂಬ ಎರಡು ಮಾತು ಸಾಕಾಯಿತು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಲು ಹೋಗಿ, ದೊಡ್ಡ ಕೊಕ್ಕಿನ ಹಕ್ಕಿಗಳು ನೀರಿನ ಮೇಲೆ ಇಳಿಯುವುದನ್ನು ನೋಡಿದೆ. ಆ ಹಕ್ಕಿಗಳು ನಾನು ಹುಟ್ಟುವ ಮೊದಲಿಂದಲೂ ಅಲ್ಲಿ ಇಳಿಯುತ್ತಿದ್ದವಂತೆ. ನಾನು ಮಲಗಿರುತ್ತಿದ್ದೆ.

ಎಲ್ಲಕ್ಕಿಂತ ಒಳ್ಳೆಯದು ಸಂಜೆಯದು. ದೇವರ ಮುಂದೆ ದೀಪ ಹಚ್ಚಿದ ಮೇಲೆ ಹೆಂಡತಿ ಕೈಗನ್ನಡಿ ಹಿಡಿದು ಬಂದು, ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಯನ್ನೆಲ್ಲ ಬಿಡಿಸಿ ನೋಡುತ್ತಿದ್ದಳು. ಅವಳು ಮುಟ್ಟುವುದು ನನಗೆ ತಿಳಿಯುತ್ತಿರಲಿಲ್ಲ, ಕಾಣುತ್ತಿತ್ತು. ಅಷ್ಟೇ ಸಾಕಿತ್ತು.

ಅದನ್ನು ಕೆಡಿಸಿದ್ದು ನಾನೇ, ಮತ್ತು ಬಹಳ ಚೆನ್ನಾಗಿ ಕೆಡಿಸಿದೆ. ಅರಿಶಿನ, ಸುಣ್ಣ, ಅಂಟಿಗೆ ಒಂದಿಷ್ಟು ಬೆಲ್ಲದ ಪಾಕ ಸೇರಿಸಿ ಎಡಗಾಲಿನ ಅಡಿಯಲ್ಲಿ ಒಂದು ಗಾಯ ಮಾಡಿದೆ. ಅಂಚಿಗೆ ಕಪ್ಪು ಬರಲೆಂದು ದೀಪದ ಕಾಡಿಗೆ ತೀಡಿದೆ. ಕನ್ನಡಿ ಹಿಡಿದವಳು ಬಿಳಿಚಿಕೊಂಡಳು. "ಏನ್ರೀ ಇದು, ಏನಾಯ್ತ್ರೀ" ಅನ್ನುತ್ತ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಆಟೋ ಕರೆಯಲು ಗೇಟಿನವರೆಗೆ ಓಡಿದಳು. ನಾನು ಹಿಂದಿನಿಂದ, "ಸೋತೆ ಕಣೇ" ಅಂದೆ.

ಅವಳು ವಾಪಸ್ ಬಂದು, ಸೆರಗು ಒದ್ದೆ ಮಾಡಿ ಗಾಯವನ್ನು ಒರೆಸಿ ತೆಗೆದಳು. ಕನ್ನಡಿಯನ್ನು ನನ್ನ ಮಡಿಲಿಗೆ ಹಾಕಿದಳು.

"ಇನ್ಮೇಲೆ ನಿಮ್ ಪಾದ ನೀವೇ ನೋಡ್ಕೊಳ್ಳಿ. ಇದನ್ನ ನಾನು ಹಂಗೇ ಬುಟ್ಬುಡ್ತೀನಿ ಅಂದ್ಕೊಬೇಡಿ. ಇದೇ ತರ ವಾಪಸ್ ಕೊಡ್ತೀನಿ. ಕಾದಿರಿ."

ನಾನು ಕನ್ನಡಿ ಹಿಡಿದು ನೋಡಿದೆ. ಹೊಟ್ಟೆ ಅಡ್ಡ ಬಂತು. ಕನ್ನಡಿಯಲ್ಲಿ ಕಂಡದ್ದು ಮೇಲಿನ ಫ್ಯಾನು. ಅಲ್ಲಿಗೆ ಆ ಕೆಲಸ ಬಿಟ್ಟೆ.

ಸ್ವಲ್ಪ ದಿನಕ್ಕೆ ಇಬ್ಬರೂ ಬೆಟ್ಟಕ್ಕೆ ಹೋದೆವು. ಬಸ್ಸು ತಡವಾಗಿ, ದೇವಸ್ಥಾನ ಮುಟ್ಟುವಾಗ ನೆತ್ತಿಯ ಮೇಲೆ ಬಿಸಿಲು. ಚಪ್ಪಲಿ ಬಿಟ್ಟು ಒಳಗೆ ಹೋಗುವ ದಾರಿಯ ಕಲ್ಲು ಹೆಂಚಾಗಿತ್ತು. ಜನ ನೀರು ಹಾಕಿದ ನಾರಿನ ಮ್ಯಾಟಿನ ಮೇಲೆ ಸಾಲಾಗಿ ಓಡುತ್ತಿದ್ದರು, ಅದರಿಂದ ಜಾರಿದವರು ಕುಣಿಯುತ್ತಿದ್ದರು. ನಾನು ಮ್ಯಾಟ್ ಬಿಟ್ಟು ಬರಿಯ ಕಲ್ಲಿನ ಮೇಲೆ ಇಳಿದೆ. ಕೈ ಹಿಂದೆ ಕಟ್ಟಿಕೊಂಡು, ಕೆರೆ ಏರಿಯ ಮೇಲೆ ಹೋದಂತೆ ನಿಧಾನವಾಗಿ ಹೋದೆ. ನಡುವೆ ನಿಂತು ಗೋಪುರವನ್ನು ನೋಡಿದೆ. ಜನ ನನ್ನನ್ನು ನೋಡಿದರು. ಒಬ್ಬಳು ಮುದುಕಿ ನನಗೆ ಕೈ ಮುಗಿದಳು. ಅವಳಿಗೆ ನಾನು ಆಶೀರ್ವಾದವನ್ನೂ ಮಾಡಿದೆ.

"ಇತ್ಲಾಗೆ ಬನ್ರೀ. ಡಾಕ್ಟ್ರು ಏನ್ ಹೇಳಿದ್ರು?" ಹೆಂಡತಿ ಮ್ಯಾಟಿನ ಮೇಲಿಂದ ಕರೆದಳು.

"ನಿಂಗೆ ಸುಡುತ್ತೆ ಅಂತ ಹೊಟ್ಟೆಯುರಿ ಕಣೇ" ಅಂದೆ.

ನನ್ನ ಪಾದದ ಅಡಿಯಲ್ಲಿ ಆಗ ಏನಾಗುತ್ತಿತ್ತು ಅಂತ ಆ ಕಲ್ಲಿಗೆ ಮಾತ್ರ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಕೆರೆಯ ಹತ್ತಿರ ನನ್ನ ಜೊತೆ ನಡೆಯುವ ಗೆಳೆಯನಿಗೆ ಇದನ್ನು ಬಣ್ಣಿಸಿದೆ. ಅವನು ವರುಣದ ಕಡೆಯ ಒಕ್ಕಲು ಮನೆಯವನು, ಸಿಟಿಯಲ್ಲಿ ಲಾರಿ ಇಟ್ಟು ಮೇಲೆ ಬಂದವನು. ಸಕ್ಕರೆ ಕಾಯಿಲೆಯಲ್ಲಿ ನನಗಿಂತ ಹಿರಿಯ. ಆಗಲೇ ಒಂದು ಕಾಲು ಎಳೆದು ಹಾಕುತ್ತಿದ್ದ.

"ಅದೇನ್ ದೊಡ್ಡ ಗನಂದಾರಿ ಕೆಲ್ಸ ಅಂದ್ಕಂಡಿದೀಯ?" ಅಂದ. "ನಂಗೂ ಇಂಗೇ ಸುರುವಾಗಿದ್ದು ಕಣ್ಲಾ. ಗದ್ದೇಲಿ ಮುಳ್ಳು ಚುಚ್ಚುದ್ರೂ ನೋಯಕಿಲ್ಲ ಅಂತ ನಾನೂ ಮೀಸೆ ತಿರುಗ್ಸಿದ್ದೆ."

"ನಿಂಗೆ ಮೀಸೆ ಎಲ್ಲಿದೆಯೋ?"

"ನಗು, ನಗು. ಎಂಗೂ ನಿನ್ ಕಾಲು ತಾನೆ."

ಅದಾದ ಮೇಲೆ ಅವನು ಕೆರೆಗೆ ಬರಲಿಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡೆ. ಅದೇ ವಾರ ನಮ್ಮ ಮನೆಯ ನೆಲದ ಮೇಲೆ ಕಲೆಗಳು ಕಾಣಿಸಿಕೊಂಡವು.

ಬಿಳಿ ಟೈಲ್ಸಿನ ನೆಲ. ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲಿನಿಂದ ಹಜಾರಕ್ಕೆ, ಹಜಾರದಿಂದ ದೇವರ ಕೋಣೆಗೆ, ಒಂದೊಂದು ಹೆಜ್ಜೆಗೆ ಒಂದೊಂದು, ಕಾಸಿನಗಲದ ಕಂದುಗೆಂಪು ಕಲೆ. ನನಗೆ ನಗು ಬಂತು. ಬಂತಪ್ಪ ವಾಪಸ್, ಅಂದುಕೊಂಡೆ. ಬಣ್ಣ ಮಾತ್ರ ಸರಿ ಬಂದಿರಲಿಲ್ಲ, ಕಂದು ಹೆಚ್ಚಾಗಿತ್ತು. ಸುಣ್ಣ ಕಡಿಮೆ ಮಾಡು ಅಂತ ಹೇಳಬೇಕೆನಿಸಿತು. ಹೇಳಿದರೆ ಸೋತಂತೆ. ಕಲೆ ದಾಟಿಕೊಂಡು ಹೋಗಿ ಕಾಫಿ ಕುಡಿದೆ. ಅವಳು ಏನೂ ಆಗಿಲ್ಲವೆಂಬಂತೆ ನೆಲ ಒರೆಸಿದಳು. ಮಾರನೆಯ ದಿನ ಮತ್ತೆ. ಅದರ ಮಾರನೆಯ ದಿನ ಮತ್ತೆ, ಸ್ವಲ್ಪ ದೊಡ್ಡದು. ಅವಳು ಒರೆಸುತ್ತಲೇ ನನ್ನ ಮುಖ ನೋಡುತ್ತಿದ್ದಳು. ನಾನು ಪೇಪರಿನ ಹಿಂದಿನಿಂದ ಅವಳ ಮುಖ ನೋಡುತ್ತಿದ್ದೆ. ಎಂಥ ಗಟ್ಟಿಗಿತ್ತಿ ಅಂತ ನಾನು ಅಂದುಕೊಳ್ಳುತ್ತಿದ್ದೆ. ಎಂಥ ಹಟಮಾರಿ, ಮೂಟೆಗಟ್ಟಲೆ ಕುಂಕುಮ ಇಟ್ಟುಕೊಂಡು ಮತ್ತೆ ಶುರು ಮಾಡಿದ್ದಾನೆ ಅಂತ ಅವಳು ಅಂದುಕೊಳ್ಳುತ್ತಿದ್ದಳಂತೆ.

ಆಮೇಲೆ ವಾಸನೆ ಬಂತು. ಅದನ್ನು ಅವಳ ಲೆಕ್ಕಕ್ಕೆ ಹಾಕಲಿಲ್ಲ, ಇಲಿ ಸತ್ತಿದೆ ಅಂದುಕೊಂಡೆ. ಬೀರುವಿನ ಹಿಂದೆ ಹುಡುಕಿದೆ, ಅಟ್ಟ ಹುಡುಕಿದೆ. ಹಜಾರದಲ್ಲಿ ವಾಸನೆ ಅಂತ ರೂಮಿಗೆ ಹೋದರೆ ಅಲ್ಲೂ ಇತ್ತು. ಯಾವ ಕೋಣೆಗೆ ಹೋದರೂ ಇಲಿ ನನಗಿಂತ ಮೊದಲೇ ಅಲ್ಲಿ ಬಂದು ಸತ್ತಿರುತ್ತಿತ್ತು. ಒಂದು ಮಧ್ಯಾಹ್ನ ಮನೆಯ ಹೊರಗೆ ಜಗುಲಿಯ ಮೇಲೆ ಗಾಳಿಗೆ ಕೂತೆ. ಅಲ್ಲೂ ಬಂತು. ಆಗ ನಾನು ಅದರ ಬಗ್ಗೆ ಯೋಚನೆ ಮಾಡುವುದನ್ನು ನಿಲ್ಲಿಸಿದೆ.

ಅಪ್ಪನನ್ನು ಆಸ್ಪತ್ರೆಯಿಂದ ಕರೆತಂದಿದ್ದೇವೆ ಅಂತ ಗೆಳೆಯನ ಮಗ ಫೋನು ಮಾಡಿದ ದಿನವೇ ಅವರ ಮನೆಗೆ ಹೋದೆ. ಗೆಳೆಯ ಮಂಚದ ಮೇಲಿದ್ದ. ಮೇಲೆ ಹೂವಿನ ಹೊದಿಕೆ. ಎಡಗಡೆ ಅದು ಮೊಣಕಾಲಿನ ಉಬ್ಬು ದಾಟಿ ಪಾದದವರೆಗೆ ಹೋಗಿತ್ತು. ಬಲಗಡೆ ಮೊಣಕಾಲಿಗೇ ಇಳಿದು, ಅಲ್ಲಿಂದಾಚೆ ಹಾಸಿಗೆಯ ಮೇಲೆ ಸಮತಟ್ಟಾಗಿ ಬಿದ್ದಿತ್ತು. ಯಾರೋ ಅದನ್ನು ಸುಕ್ಕಿಲ್ಲದಂತೆ ಎಳೆದು ಸರಿ ಮಾಡಿದ್ದರು. ನಾನು ಆ ಸಮತಟ್ಟು ಜಾಗದಲ್ಲಿ ಕೂರಲು ಹೋಗಿ, ಸರಿದು ಕುರ್ಚಿ ಎಳೆದುಕೊಂಡೆ.

ಅವನೇ ಮಾತಾಡಿದ. "ಬಾಗ್ಲತ್ರ ನನ್ ಚಪ್ಲಿ ಅವೆ ನೋಡು. ಹೊಸವು. ಬಲ್ಗಾಲಿಂದು ನೀ ತಕ್ಕಂಡೋಗು. ನಂಗೆ ಒಂದೇ ಸಾಕು."

"ನಾನೇನು ಮಾಡ್ಲಿ ಒಂದು ಚಪ್ಲಿ ಇಟ್ಕೊಂಡು?"

"ಇಟ್ಕಂಡಿರು. ನಿಂಗೆ ಎಡಗಾಲ್ ಹೋದ್ರೆ ಬೇಕಾಯ್ತದೆ."

ಅವನು ನಕ್ಕ. ನಾನೂ ನಕ್ಕು, ಚಪ್ಪಲಿಯನ್ನು ಕೈಚೀಲಕ್ಕೆ ಹಾಕಿಕೊಂಡೆ. ಬರುವಾಗ ಆಟೋದವನು ತಿರುಗಿ ನನ್ನನ್ನು ನೋಡಿ, ಮೂಗು ಉಜ್ಜಿಕೊಂಡು, ಪಕ್ಕದ ಪರದೆಯನ್ನು ಮೇಲಕ್ಕೆ ಕಟ್ಟಿದ.

ಮಾರನೆಯ ಬೆಳಿಗ್ಗೆ ಇರುವೆಗಳು ಬಂದವು. ಬಾಗಿಲ ಸಂದಿನಿಂದ ಒಂದು ಸಾಲು ಹೊರಟು, ಕಲೆಯಿಂದ ಕಲೆಗೆ, ಒಂದನ್ನೂ ಬಿಡದೆ, ಮಂಚದ ಕಾಲು ಹತ್ತಿ ನನ್ನ ಹೊದಿಕೆಯೊಳಗೆ ಹೋಗಿತ್ತು. ನಾನು ಕಣ್ಣು ಬಿಟ್ಟಾಗ ಹೆಂಡತಿ ಕಸಬರಿಕೆ ಹಿಡಿದು ಆ ಸಾಲನ್ನೇ ನೋಡುತ್ತ ನಿಂತಿದ್ದಳು. ಅಂಗಡಿಯವನ ಹೆಂಡತಿಯಲ್ಲವೇ, ಅರಿಶಿನದ ಮೂಟೆಗೆ ಇರುವೆ ಹತ್ತುವುದಿಲ್ಲವೆಂದು ಅವಳಿಗೆ ಗೊತ್ತು.

"ಇದನ್ನ ಮಾಡ್ತಿರೋದು ನೀವಲ್ವೇನ್ರೀ?" ಅಂದಳು.

ಹಾಗೆ, ಅವಳೇ ಮೊದಲು ಕೇಳಿದಳು. ನಾನು ಗೆದ್ದೆ. ಆಮೇಲೆ ಅವಳು ಹೊದಿಕೆ ತೆಗೆದು, ಕೈಗನ್ನಡಿ ಹುಡುಕಿ ತಂದು, ನನಗೂ ಕಾಣುವಂತೆ ಹಿಡಿದಳು. ಎಡಗಾಲಿನ ಬೆರಳುಗಳ ಬುಡದಲ್ಲಿ ಹೆಬ್ಬೆರಳು ಹೋಗುವಷ್ಟು ಗುಳಿ. ಅಂಚು ಕಪ್ಪು. ನಾನು ಕಾಡಿಗೆಯಲ್ಲಿ ತೀಡಿದ್ದೆನಲ್ಲ, ಹಾಗೆಯೇ. ಅವಳು ಸೆರಗಿನ ತುದಿ ಒದ್ದೆ ಮಾಡಿ ಒರೆಸಿ ನೋಡಿದಳು. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದಳು.

ಮಗಳು ಕಾರು ತಂದಳು. ಡಾಕ್ಟರು ಒಂದು ಸಣ್ಣ ಕಡ್ಡಿಯನ್ನು ಗುಳಿಯೊಳಗೆ ಇಳಿಸಿದಳು. ಅದು ಎಷ್ಟೋ ಒಳಗೆ ಹೋಗಿ ಯಾವುದಕ್ಕೋ ತಾಗಿ ಟಕ್ ಅಂತು.

"ನೋವಾಗ್ತಿದ್ಯಾ ಸಾರ್?"

"ಇಲ್ಲ."

"ಆಗ್ಬೇಕಿತ್ತು. ಇದು ಮೂಳೆ."

ಎರಡನೆಯ ಬೆರಳನ್ನು ತೆಗೆಯಲೇಬೇಕು ಅಂದಳು. ಅಲ್ಲಿಗೆ ನಿಲ್ಲುತ್ತದೋ ಇಲ್ಲವೋ ಒಳಗೆ ತೆರೆದು ನೋಡಿದ ಮೇಲೆಯೇ ಗೊತ್ತಾಗುವುದು. ನಿಲ್ಲದಿದ್ದರೆ ಎಂದು ಹೆಂಡತಿ ಕೇಳಿದಳು. ಡಾಕ್ಟರು ತನ್ನ ಬೆರಳನ್ನು ನನ್ನ ಕಾಲಿನ ಗಿಣ್ಣಿನ ಮೇಲಿಟ್ಟು, ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಸರಿಸಿ, ಮೊಣಕಾಲಿನ ಕೆಳಗೆ ನಿಲ್ಲಿಸಿದಳು. ಗೆಳೆಯನ ಹೊದಿಕೆ ಇಳಿದದ್ದು ಅಲ್ಲಿಯೇ. "ಇನ್ನೊಂದು ಸ್ವಲ್ಪ ದಿನ ಬಿಟ್ಟು ಬಂದಿದ್ರೆ ಬರೀ ಬೆರಳಿನ ಮಾತೇ ಇರ್ತಿರ್ಲಿಲ್ಲ" ಅಂದಳು.

ಬೆರಳೊಂದು ಹೋಯಿತು. ಅಲ್ಲಿಗೆ ನಿಂತಿತು, ಸದ್ಯಕ್ಕೆ. ಸದ್ಯಕ್ಕೆ ಎಂಬುದು ಡಾಕ್ಟರ ಮಾತು. ಪ್ರತಿ ಸಲ ಹೋದಾಗಲೂ ಅವಳು ಅದನ್ನು ಸೇರಿಸುತ್ತಾಳೆ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ನಾನು ಮೊದಲು ನೋಡಿದ್ದು ಹೊದಿಕೆಯನ್ನು. ಅದು ಕೊನೆಯವರೆಗೂ ಉಬ್ಬಿಕೊಂಡಿತ್ತು. ಹೆಂಡತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದವಳು, "ಹೋಗ್ಲಿ ಬುಡಿ, ಕಾಲುಂಗುರದ ಬೆರಳು ನಿಮಗ್ಯಾತಕ್ಕೆ? ನಮ್ಮಿಬ್ಬರ ಲೆಕ್ಕಕ್ಕೆ ನಾನು ಹಾಕ್ಕೊಂಡಿದೀನಲ್ಲ" ಅಂದಳು. ಅಷ್ಟು ಒಳ್ಳೆಯ ಮಾತು ನನಗೆ ಹೊಳೆಯದೆ ಅವಳಿಗೆ ಹೊಳೆಯಿತಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಈಗ ಮತ್ತೆ ಸಂಜೆ ದೀಪ ಹಚ್ಚಿದ ಮೇಲೆ ಕನ್ನಡಿ ಬರುತ್ತದೆ. ಮೊನ್ನೆ ಬ್ಯಾಂಡೇಜು ಬಿಚ್ಚಿ ಔಷಧಿ ಹಚ್ಚುವಾಗ ಗಾಯದ ಅಂಚಿನಲ್ಲಿ ಚುರ್ ಅಂತು. ಸೂಜಿಯ ಮೊನೆಯಷ್ಟು ಜಾಗದಲ್ಲಿ ಉರಿ. "ಅಯ್ಯೋ, ಉರಿ ಕಣೇ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು, ಇದು ಆಟವೋ ನಿಜವೋ ಅಂತ. "ಇನ್ನೊಂದ್ಸಲ ಮುಟ್ಲಾ?" ಅಂದಳು. ಮುಟ್ಟಿದಳು. ಉರಿಯಿತು. ಅವತ್ತು ಅವಳು ಬಿಸಿಬಿಸಿ ಅಕ್ಕಿರೊಟ್ಟಿ ಬಡಿದು, ಒಂದು ಹೆಚ್ಚಿಗೆ ಹಾಕಿದಳು. ನನ್ನ ಬದುಕಿನಲ್ಲಿ ನೋವಿಗೆ ಸಿಕ್ಕ ಮೊದಲ ಬಹುಮಾನ ಅದು. ಬಲಗಾಲು ಮಾತ್ರ ಈಚೆಗೆ ಬಹಳ ಸುಮ್ಮನಿದೆ. ಅದರ ಮೌನ ನನಗೆ ಅಷ್ಟು ಸರಿಬೀಳುತ್ತಿಲ್ಲ.

ಗೆಳೆಯನ ಚಪ್ಪಲಿ ಬಾಗಿಲ ಪಕ್ಕದ ಗೂಡಿನಲ್ಲಿದೆ. ಎಸೆಯಿರಿ ಅಂತ ಹೆಂಡತಿ ಹೇಳುತ್ತಾಳೆ. ನಾನೂ ಎಸೆಯುವುದಿಲ್ಲ, ಅವಳೂ ಎಸೆಯುವುದಿಲ್ಲ. ಅದರ ಮೂತಿ ಮನೆಯ ಒಳಗಡೆಗಿದೆ. ನಾನು ಗೋಡೆಯ ಕಡೆ ತಿರುಗಿಸಿ ಇಡುತ್ತೇನೆ, ಬೆಳಿಗ್ಗೆ ನೋಡಿದರೆ ಮತ್ತೆ ಒಳಗಡೆಗಿರುತ್ತದೆ. ಗೂಡು ಒರೆಸುವಾಗ ತಿರುಗುತ್ತದೇನೋ. ಕೇಳಿಲ್ಲ.

ಈಗ ಆ ಸುಳ್ಳು. ಅದು ಇರುವೆಗಳು.

ಇರುವೆ ಬರಲಿಲ್ಲ. ಅರಿಶಿನಕ್ಕೆ ಇರುವೆ ಹತ್ತುವುದಿಲ್ಲ ಎಂಬುದು ನಿಜ, ಆದರೆ ಆ ಕಲೆಗಳಿಗೂ ಒಂದು ಇರುವೆಯೂ ಹತ್ತಲಿಲ್ಲ. ನೆಂಟರ ಮುಂದೆ ಆ ಸಾಲನ್ನು ನಾನು ಎಷ್ಟು ಸಲ ನಡೆಸಿದ್ದೇನೋ. ಹೇಳುವಾಗೆಲ್ಲ ಹೆಂಡತಿ ಪಕ್ಕದಲ್ಲಿ ಕೂತು ಕಾಫಿ ಲೋಟ ಜೋಡಿಸುತ್ತಿರುತ್ತಾಳೆ. ಅಲ್ಲ ಅಂತ ಒಂದು ದಿನವೂ ಅಂದಿಲ್ಲ. ಇರುವೆ ಇಲ್ಲದಿದ್ದರೆ ಅವಳಿಗೆ ಅನುಮಾನ ಬರುತ್ತಿರಲಿಲ್ಲ; ಬಾರದಿದ್ದರೆ ಅವಳು ಕೇಳುತ್ತಿರಲಿಲ್ಲ. ಕೇಳಲೂ ಇಲ್ಲ.

ಕೇಳಿದ್ದು ನಾನು. ಮಾರನೆಯ ಬೆಳಿಗ್ಗೆ ಅಲ್ಲ, ಗೆಳೆಯನ ಮನೆಯಿಂದ ಬಂದ ಆ ಮಧ್ಯಾಹ್ನವೇ. ಚಪ್ಪಲಿ ಕಳಚಿ ಒಳಗೆ ಬಂದು, ಕೈಚೀಲ ಹಿಡಿದುಕೊಂಡೇ ಹಜಾರದ ನಡುವೆ ನಿಂತೆ. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನೆಲ ಬೆಳಿಗ್ಗೆ ಒರೆಸಿದ್ದು, ಶುಭ್ರವಾಗಿತ್ತು.

"ಲೇ, ನೆಲದ ಮೇಲೆ ಆ ಕಲೆ ಹಾಕ್ತಿರೋದು ನೀನೇ ತಾನೆ?" ಅಂದೆ. ನೀನೇ ಎಂದು ಹೇಳಿಬಿಡಲಿ ಎಂದು ಎಷ್ಟು ಬೇಡಿಕೊಂಡೆನೋ ಆ ಒಂದು ಗಳಿಗೆಯಲ್ಲಿ.

ಅವಳ ಮುಖದಲ್ಲಿ ಮೊದಲು ಗೆದ್ದ ನಗು ಬಂತು. ಆಮೇಲೆ ಅದು ಹೋಯಿತು.

"ನಾನಲ್ಲ ಕಣ್ರೀ," ಅಂದಳು. "ನೀವಲ್ವಾ?"

ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದೆವು. ಬಾಗಿಲಿನಿಂದ ನಾನು ನಿಂತಲ್ಲಿಯವರೆಗೂ ಹೊಸ ಕಲೆಗಳಿದ್ದವು. ಕೊನೆಯದು ನನ್ನ ಕಾಲಡಿಯಿಂದ ಮೆಲ್ಲಗೆ ಹರಡುತ್ತಿತ್ತು.